ಯೇತಿ ಕರಡಿಯಾದರೆ ನಷ್ಟವೇನು?

2019ರ ಏಪ್ರಿಲ್‌ನಲ್ಲಿ ನಮ್ಮ ಸೇನೆ ನೇಪಾಳದ ಮಕಾಲು ಪರ್ವತದ ತಳಶಿಬಿರದ ಬಳಿ ಕಂಡ ಹೆಜ್ಜೆಗಳ ಚಿತ್ರ ಹಾಕಿ, 32 ಇಂಚು ಉದ್ದ, 15 ಇಂಚು ಅಗಲದ ಇವು ಯೇತಿಯವು, ಅಂದರೆ ಕಥೆಗಳ ಹಿಮಮಾನವನವು ಎಂದಾಗ ದೇಶವೆಲ್ಲ ನಕ್ಕಿತು. ನನಗೆ ಆ ನಗು ಹಿಡಿಸಲಿಲ್ಲ. ಹಿಮದ ಮೇಲೆ ಅಂಥ ಹೆಜ್ಜೆ ಕಂಡವರು ಬೆರಗಾಗುವುದು ಸಹಜ.

ನಾನು ಹೊಸಪೇಟೆಯ ಕಡೆಯವಳು. ದರೋಜಿಯ ಸುತ್ತಮುತ್ತ ಮಳೆ ಬಿದ್ದ ಮಾರನೆಯ ಬೆಳಿಗ್ಗೆ ಹಳ್ಳದ ಒದ್ದೆ ಮರಳಿನಲ್ಲಿ ಕರಡಿಯ ಹಿಂಗಾಲಿನ ಗುರುತು ನೋಡಿದವರಿಗೆ ನನ್ನ ಮಾತು ಅರ್ಥವಾದೀತು. ಹಿಮ್ಮಡಿ, ಅಂಗಾಲು, ಸಾಲಾಗಿ ಐದು ಬೆರಳು: ಯಾರೋ ಬರಿಗಾಲಲ್ಲಿ ನಡೆದುಹೋದಂತೆಯೇ ಇರುತ್ತದೆ. ಕುಕ್ಕರುಗಾಲಲ್ಲಿ ಕೂತು ನೋಡಿದರೆ ಮಾತ್ರ, ನಮ್ಮ ಹೆಬ್ಬೆರಳು ಇರಬೇಕಾದ ಒಳಬದಿಯಲ್ಲಿ ಕಿರಿದಾದ ಬೆರಳು ಇರುವುದು ಗೊತ್ತಾಗುತ್ತದೆ. ಹಿಮದಲ್ಲಿ ಈ ಗುರುತೂ ಉಳಿಯುವುದಿಲ್ಲ. ಮುಂಗಾಲಿನ ಗುರುತಿನ ಮೇಲೆ ಹಿಂಗಾಲು ಬಿದ್ದು ಎರಡೂ ಸೇರಿ ಒಂದೇ ನೀಳ ಹೆಜ್ಜೆಯಾಗುತ್ತವೆ, ಬಿಸಿಲಿಗೆ ಅಂಚು ಕರಗಿ ಅದು ಇನ್ನಷ್ಟು ಹಿಗ್ಗುತ್ತದೆ. 1951ರಲ್ಲಿ ಪರ್ವತಾರೋಹಿ ಎರಿಕ್ ಶಿಪ್ಟನ್ ಹಿಮಾಲಯದ ಮೆನ್ಲುಂಗ್ ಹಿಮನದಿಯಲ್ಲಿ ಹಿಮಗೊಡಲಿಯನ್ನು ಪಕ್ಕದಲ್ಲಿಟ್ಟು ತೆಗೆದ ಹೆಜ್ಜೆಯ ಚಿತ್ರದ ಬಗ್ಗೆಯಂತೂ ಇಂದಿಗೂ ವಾದ ನಿಂತಿಲ್ಲ.

ಎವರೆಸ್ಟ್ ಹಾದಿಯ ಖುಮ್ಜಂಗ್ ಹಳ್ಳಿಯ ಮಠದಲ್ಲಿ ಯೇತಿಯದೆಂದು ಕಾಪಾಡಿಕೊಂಡು ಬಂದ ನೆತ್ತಿಯ ತೊಗಲೊಂದಿದೆ. ಶಂಕುವಿನಾಕಾರ, ಕೆಂಗಂದು ಕೂದಲು. 1960ರಲ್ಲಿ ಎಡ್ಮಂಡ್ ಹಿಲರಿ ಅದನ್ನು ಎರವಲು ಪಡೆದರು. ಊರಿನ ಹಿರಿಯ ಖುಂಜೋ ಚುಂಬಿ ಜೊತೆಗೇ ಹೊರಟು ಶಿಕಾಗೊ, ಪ್ಯಾರಿಸ್, ಲಂಡನ್ ಸುತ್ತಿ ಬಂದರು. ಅದು ಮೇಕೆಯ ಬಳಗದ ಸೆರೋ ಎಂಬ ಹಿಮಾಲಯದ ಪ್ರಾಣಿಯ ತೊಗಲನ್ನು ಅಚ್ಚಿಗೆ ಹಾಕಿ ರೂಪಿಸಿದ್ದೆಂದು ತಜ್ಞರು ಹೇಳಿದರು. ಇದನ್ನು ಶೆರ್ಪಾಗಳ ಮೋಸವೆನ್ನುವವರನ್ನು ಕಂಡರೆ ನನಗೆ ಆಗುವುದಿಲ್ಲ. ಅವರು ಅದನ್ನು ಸಂತೆಗೆ ತಂದವರಲ್ಲ, ಮಠದಲ್ಲಿ ಭಕ್ತಿಯಿಂದ ಇಟ್ಟುಕೊಂಡಿದ್ದರು. ಪುರಾವೆ ಬೇಕೆಂದು ಬಾಗಿಲು ತಟ್ಟಿದವರು ಹೊರಗಿನವರು.

ಪಾಂಗ್ಬೋಚೆ ಮಠದ ‘ಯೇತಿಯ ಕೈ’ಗೆ ಆದದ್ದು ಇನ್ನೂ ಅನ್ಯಾಯ. 1950ರ ದಶಕದ ಕೊನೆಯಲ್ಲಿ ಪೀಟರ್ ಬರ್ನ್ ಎಂಬ ಅನ್ವೇಷಕ ಅದರಿಂದ ಬೆರಳೊಂದನ್ನು ತೆಗೆದು, ಬದಲಿಗೆ ಮನುಷ್ಯನ ಮೂಳೆ ಜೋಡಿಸಿಟ್ಟ. ಬೆರಳು ಭಾರತದ ಮೂಲಕ ಗುಟ್ಟಾಗಿ ಲಂಡನ್ ಸೇರಿತು. 2011ರ ಡಿಎನ್‌ಎ ಪರೀಕ್ಷೆಯಲ್ಲಿ ಅದು ಮನುಷ್ಯನದೇ ಎಂದಾಯಿತು. ಅಷ್ಟರಲ್ಲಿ ಉಳಿದ ಕೈಯೂ ಮಠದಿಂದ ಕಳುವಾಗಿ ವರ್ಷಗಳೇ ಕಳೆದಿದ್ದವು. ಕುತೂಹಲಕ್ಕೆ ಇಷ್ಟು ಹಕ್ಕನ್ನು ಕೊಟ್ಟವರು ಯಾರು?

2017ರಲ್ಲಿ ವಿಜ್ಞಾನಿ ಷಾರ್ಲಟ್ ಲಿಂಡ್‌ಕ್ವಿಸ್ಟ್ ಅವರ ತಂಡ ಯೇತಿಯವೆನ್ನಲಾದ ಒಂಬತ್ತು ಮಾದರಿಗಳನ್ನು ಪರೀಕ್ಷಿಸಿತು. ಮೂಳೆ, ಹಲ್ಲು, ಚರ್ಮ, ಕೂದಲು, ಮಲ ಎಲ್ಲವೂ ಅದರಲ್ಲಿದ್ದವು. ಎಂಟು ಕರಡಿಗಳವು, ಒಂದು ನಾಯಿಯದು. ‘ಯೇತಿ ಸತ್ತಿತು’ ಎಂದು ಸುದ್ದಿ ಮುಗಿಸಿದವರು ಮುಂದಿನದನ್ನು ಓದಲೇ ಇಲ್ಲ. ಹಿಮಾಲಯದ ಕಂದು ಕರಡಿ ಇತರ ಕಂದು ಕರಡಿಗಳಿಂದ ಸುಮಾರು 6,50,000 ವರ್ಷಗಳ ಹಿಂದೆಯೇ ಕವಲೊಡೆದು ಬಂದ ಪುರಾತನ ಕುಲವೆಂದು ಅದೇ ಅಧ್ಯಯನ ಹೇಳಿತು. ಅಳಿವಿನ ಅಂಚಿನಲ್ಲಿರುವ ಆ ಕರಡಿಯ ಕುಲಕಥೆ ಬಿಚ್ಚಿಕೊಳ್ಳಲು ನೆರವಾದದ್ದು, ಯೇತಿಯದೆಂದು ನಂಬಿ ಯಾರೋ ಜೋಪಾನ ಮಾಡಿದ್ದ ಮೂಳೆ, ಕೂದಲುಗಳೇ.