ಒಬ್ಬರೇ ವಿಯೆಟ್ನಾಂಗೆ: ನಮ್ಮ ಕಡೆಯಿಂದ ಹೊರಡುವವರು ಮೊದಲು ತಿಳಿಯಬೇಕಾದದ್ದು

ದೀಪಾವಳಿ ರಜೆ ನೋಡಿಕೊಂಡು ವಿಯೆಟ್ನಾಂ ಟಿಕೆಟ್ ತೆಗೆಯುವವರು ಬೆಳಗಾವಿ, ವಿಜಯಪುರ ಕಡೆ ಈಗ ಹೆಚ್ಚಾಗಿದ್ದಾರೆ. ಆ ಹೊತ್ತಿಗೆ ನಮ್ಮಲ್ಲಿ ಮಳೆ ಹಿಂದೆ ಸರಿದಿರುತ್ತದೆ, ಅಲ್ಲಿಯೂ ಹಾಗೇ ಇರಬಹುದು ಎಂಬ ಲೆಕ್ಕ. ಲೆಕ್ಕ ತಪ್ಪುವುದು ಅಲ್ಲೇ. ಅಕ್ಟೋಬರ್ ಮತ್ತು ನವೆಂಬರ್ ಆ ದೇಶದ ನಡುಭಾಗಕ್ಕೆ, ಅಂದರೆ ಹ್ವೇ, ದಾ ನಾಂಗ್, ಹೋಯ್ ಆನ್ ಊರುಗಳಿಗೆ ದೊಡ್ಡ ಮಳೆಯ ತಿಂಗಳು. ಖಾನಾಪುರದಲ್ಲಿ ಸುರಿದು ಗೋಕಾಕಕ್ಕೆ ಬರಿಗೈಯಲ್ಲಿ ಬರುವ ಮೋಡ ನಮಗೆ ಗೊತ್ತು. ಅಲ್ಲಿಯೂ ಅದೇ ಕಥೆ, ದಿಕ್ಕು ಮಾತ್ರ ಉಲ್ಟಾ: ಬೆಟ್ಟದ ಸಾಲು ಪಶ್ಚಿಮಕ್ಕಿದೆ, ಸಮುದ್ರ ಪೂರ್ವಕ್ಕಿದೆ, ಈಶಾನ್ಯ ಗಾಳಿ ಹೊತ್ತು ತಂದ ನೀರೆಲ್ಲ ಕರಾವಳಿಯ ಮೇಲೇ ಬೀಳುತ್ತದೆ. 2025ರ ಅಕ್ಟೋಬರ್ ಕೊನೆಯಲ್ಲಿ ಹ್ವೇ ಮತ್ತು ಹೋಯ್ ಆನ್ ಎರಡೂ ನೆರೆಯಲ್ಲಿ ಮುಳುಗಿದ್ದವು. ದೀಪಾವಳಿಗೇ ಹೋಗಬೇಕೆಂದಿದ್ದರೆ ನಡುಭಾಗ ಬಿಟ್ಟು ಉತ್ತರಕ್ಕೆ ಹೋಗಿ. ಉತ್ತರದ ಬೆಟ್ಟಗಳಿಗೆ ಅದು ಚಲೋ ಕಾಲ.

ಇಡೀ ದೇಶ ನೋಡಬೇಕೆಂಬ ಹಟ ಇದ್ದವರಿಗೆ ಮಾರ್ಚ್, ಏಪ್ರಿಲ್ ಹೊಂದುತ್ತದೆ. ದಕ್ಷಿಣದ ಮಳೆ ಮೇಯಿಂದ ಅಕ್ಟೋಬರ್‌ವರೆಗೆ. ಉತ್ತರದಲ್ಲಿ ಡಿಸೆಂಬರ್, ಜನವರಿ ನಿಜವಾದ ಚಳಿ; ಸಾಪಾ, ಹಾ ಜಾಂಗ್ ಕಡೆ ಬೆಳಗಾವಿಯ ಸ್ವೆಟರ್ ಸಾಲುವುದಿಲ್ಲ. ಜುಲೈಯಿಂದ ಚಂಡಮಾರುತಗಳ ಕಾಟ. 2024ರ ಸೆಪ್ಟೆಂಬರ್‌ನಲ್ಲಿ ಯಾಗಿ ಉತ್ತರವನ್ನು ಹೊಡೆದು ಹಾಕಿತ್ತು. ಜನವರಿ ಕೊನೆಯಿಂದ ಫೆಬ್ರವರಿ ನಡುವೆ ಬರುವ ಟೆಟ್ ಹಬ್ಬದ, ಅಂದರೆ ಅಲ್ಲಿಯ ಹೊಸವರ್ಷದ ವಾರವನ್ನೂ ತಪ್ಪಿಸಿ. ಅಂಗಡಿ ಮುಚ್ಚಿರುತ್ತವೆ, ಊರಿಗೆ ಹೋಗುವ ಜನರಿಂದ ರೈಲು ತುಂಬಿರುತ್ತದೆ.

ನಕಾಶೆಯಲ್ಲಿ ಆ ದೇಶ ತೆಳ್ಳಗೆ ಕಾಣುತ್ತದೆ, ಅದಕ್ಕೇ ಜನ ಮೋಸ ಹೋಗುತ್ತಾರೆ. ಹನೋಯ್‌ನಿಂದ ಹೋ ಚಿ ಮಿನ್ ನಗರಕ್ಕೆ ರೈಲಿನಲ್ಲಿ 1,726 ಕಿ.ಮೀ.; ಒಂದೂವರೆ ದಿನ ಹಿಡಿಯುತ್ತದೆ. ಹತ್ತು ದಿನದಲ್ಲಿ ಮೇಲಿಂದ ಕೆಳಗೆ ಎಲ್ಲ ಮುಗಿಸುತ್ತೇನೆ ಎಂದು ಹೊರಟವರ ಹತ್ತಿರ ಮರಳುವಾಗ ವಿಮಾನನಿಲ್ದಾಣಗಳ ಫೋಟೊ ಮಾತ್ರ ಇರುತ್ತವೆ. ಹತ್ತು ದಿನಕ್ಕೆ ಉತ್ತರವೊಂದೇ ಸಾಕು: ಹನೋಯ್ ಎರಡು ದಿನ, ನಿನ್ ಬಿನ್ ಎರಡು, ಹಾ ಜಾಂಗ್ ನಾಲ್ಕು, ಮಿಕ್ಕದ್ದು ಬಸ್ಸು ಮತ್ತು ನಿದ್ದೆಗೆ. ಹದಿನೈದು ದಿನ ಇದ್ದರೆ ಹ್ವೇ, ಹೋಯ್ ಆನ್ ಸೇರಿಸಿ. ದಕ್ಷಿಣಕ್ಕೆ ಇನ್ನೊಮ್ಮೆ ಹೋದರಾಯಿತು.

ಇನ್ನು ಕಾಗದಪತ್ರ. ಇ-ವೀಸಾ 2023ರ ಆಗಸ್ಟ್ 15ರಿಂದ 90 ದಿನದ್ದು. ಒಮ್ಮೆ ಪ್ರವೇಶಕ್ಕೆ 25 ಡಾಲರ್, ಹಲವು ಸಲಕ್ಕೆ 50. ತಿರಸ್ಕಾರ ಆದರೂ ಹಣ ವಾಪಸ್ ಇಲ್ಲ. ಸರ್ಕಾರಿ ತಾಣದ ವಿಳಾಸ ‘ಗವ್ ಡಾಟ್ ವಿಎನ್’ ಎಂದೇ ಮುಗಿಯುತ್ತದೆ. ಹುಡುಕಿದಾಗ ಮೊದಲು ಬರುವ ಚೆಂದದ ತಾಣಗಳು ಬಹುತೇಕ ಏಜೆಂಟರವು, ಎರಡು ಮೂರು ಪಟ್ಟು ಕೀಳುತ್ತವೆ. ಮೂರು ಕೆಲಸದ ದಿನ ಎಂದು ಹೇಳಿದ್ದರೂ ಮೂರು ವಾರ ಮೊದಲೇ ಹಾಕಿ. ಕೆಡುವುದು ಹೆಸರಿನಲ್ಲಿ. ನಮ್ಮ ಕಡೆ ಆಧಾರ್‌ನಲ್ಲಿ ಅಡ್ಡಹೆಸರು ಮೊದಲು, ಅಂಕಪಟ್ಟಿಯಲ್ಲಿ ಕೊನೆಗೆ, ಪಾಸ್‌ಪೋರ್ಟಿನಲ್ಲಿ ಒಮ್ಮೊಮ್ಮೆ ಇರುವುದೇ ಇಲ್ಲ. ಬೇರೆ ಯಾವ ದಾಖಲೆಯನ್ನೂ ನೋಡಬೇಡಿ. ಪಾಸ್‌ಪೋರ್ಟಿನ ಫೋಟೊ ಪುಟದ ತಳದಲ್ಲಿ ಬಾಣದ ಗುರುತುಗಳಿರುವ ಎರಡು ಸಾಲಿವೆಯಲ್ಲ, ಅಲ್ಲಿರುವ ಅಕ್ಷರಗಳನ್ನು ಅದೇ ಕ್ರಮದಲ್ಲಿ ತುಂಬಿ. ತಂದೆಯ ಹೆಸರನ್ನು ನಡುವೆ ತುರುಕಬೇಡಿ. ಹುಟ್ಟಿದ ದಿನ ಮತ್ತು ತಿಂಗಳು ಅದಲುಬದಲಾಗದಂತೆ ನೋಡಿ. ಪಾಸ್‌ಪೋರ್ಟಿಗೆ ಆರು ತಿಂಗಳಾದರೂ ಅವಧಿ ಉಳಿದಿರಲಿ. ವೀಸಾ ಬಂದ ಮೇಲೆ ಒಂದೊಂದೇ ಅಕ್ಷರ ಹಿಡಿದು ಓದಿ, ಕಾಗದದ ಮೇಲೆ ಎರಡು ಪ್ರತಿ ತೆಗೆಯಿರಿ. ತಪ್ಪಿರುವ ವೀಸಾ ಹಿಡಿದು ಹೋದರೆ ಅಲ್ಲಿಯವರಿಗಿಂತ ಮೊದಲು ಇಲ್ಲಿಯ ವಿಮಾನ ಕಂಪನಿಯ ಕೌಂಟರಿನವರೇ ತಡೆಯುತ್ತಾರೆ.

ಬೆಳಗಾವಿಯ ಸಾಂಬ್ರಾ ವಿಮಾನನಿಲ್ದಾಣದಿಂದ ಹೊರದೇಶಕ್ಕೆ ವಿಮಾನ ಇಲ್ಲ, ಹಾಗಾಗಿ ಬೆಂಗಳೂರು ಅಥವಾ ಮುಂಬೈ. ಬೆಂಗಳೂರಿಗಾದರೆ ಬೆಳಗಾವಿಯವರಿಗೆ ರಾಣಿ ಚೆನ್ನಮ್ಮ, ವಿಜಯಪುರ ಮತ್ತು ಬಾಗಲಕೋಟೆಯವರಿಗೆ ಗೋಲಗುಂಬಜ್ ಎಕ್ಸ್‌ಪ್ರೆಸ್ ಇದೆ. ರೈಲು ಇಳಿದ ದಿನವೇ ವಿಮಾನ ಎಂದಾದರೆ ನಡುವೆ ಎಂಟು ಗಂಟೆಯಾದರೂ ಇಟ್ಟುಕೊಳ್ಳಿ. ಅಗ್ಗದ ವಿಮಾನಗಳಲ್ಲಿ ಕೈಚೀಲಕ್ಕೆ ಸಾಮಾನ್ಯವಾಗಿ 7 ಕೆ.ಜಿ. ಮಿತಿ, ತೂಗಿಯೇ ಬಿಡುತ್ತಾರೆ.

ಈಗ ಬೈಕ್. ಒಬ್ಬರೇ ಹೋಗುವ ಹುಡುಗರಿಗೆ ವಿಯೆಟ್ನಾಂ ಅಂದರೆ ಹಾ ಜಾಂಗ್ ಸುತ್ತು: ಸುಮಾರು 350 ಕಿ.ಮೀ., ಮೂರು ನಾಲ್ಕು ದಿನ, ಮಾ ಪಿ ಲೆಂಗ್ ಘಾಟು, ಕೆಳಗೆ ಹಸಿರು ನದಿ. ಚೆಂದ ಇರುವುದು ನಿಜ. ಆದರೆ ಬೈಕ್ ನೀವು ಓಡಿಸುವಂತಿಲ್ಲ. ಆರ್‌ಟಿಓ ಕಚೇರಿಯಲ್ಲಿ ಸಾವಿರ ರೂಪಾಯಿ ಕಟ್ಟಿ ಪಡೆಯುವ ಇಂಟರ್‌ನ್ಯಾಶನಲ್ ಪರ್ಮಿಟ್ 1949ರ ಜಿನೀವಾ ಒಪ್ಪಂದದ್ದು. ವಿಯೆಟ್ನಾಂ ಒಪ್ಪುವುದು 1968ರ ವಿಯೆನ್ನಾ ಒಪ್ಪಂದದ ಪರ್ಮಿಟ್. ನೋಡಲು ಅದೇ ಪುಸ್ತಿಕೆ, ಬೆಲೆ ಮಾತ್ರ ಅಲ್ಲಿ ಕಾಗದದ್ದು. ಬಾಡಿಗೆ ಅಂಗಡಿಯವರು ಇದನ್ನು ಹೇಳುವುದಿಲ್ಲ, ಗಾಡಿ ಕೊಟ್ಟೇ ಬಿಡುತ್ತಾರೆ. ಪೊಲೀಸರು ಹಿಡಿದರೆ ದಂಡ, ಅದು ಹೋಗಲಿ. ಬಿದ್ದು ಕಾಲು ಮುರಿದರೆ ಟ್ರಾವೆಲ್ ಇನ್ಶುರೆನ್ಸ್‌ನವರು ಕೇಳುವ ಮೊದಲ ಪ್ರಶ್ನೆ ‘ಲೈಸೆನ್ಸ್ ಚಾಲ್ತಿಯಲ್ಲಿತ್ತೇ?’ ಉತ್ತರ ಇಲ್ಲ ಎಂದರೆ ಆಸ್ಪತ್ರೆಯ ಬಿಲ್ ಪೂರ್ತಿ ನಿಮ್ಮದೇ. 50 ಸಿಸಿ ಒಳಗಿನ ಗಾಡಿಗೆ ಲೈಸೆನ್ಸ್ ಬೇಡ, ಆದರೆ ಅದು ಆ ಘಾಟು ಹತ್ತುವಾಗ ಉಸಿರು ಬಿಡುತ್ತದೆ.

ದಾರಿ ಇದೆ. ಅಲ್ಲಿಯ ಚಾಲಕರ ಹಿಂದೆ ಕೂತು ಹೋಗುವುದು, ಅದಕ್ಕೆ ‘ಈಸಿ ರೈಡರ್’ ಎನ್ನುತ್ತಾರೆ. ಊಟ, ವಸತಿ ಸೇರಿಸಿ ದಿನಗಳ ಲೆಕ್ಕದಲ್ಲಿ ದುಡ್ಡು. ಒಬ್ಬರೇ ಹೋದವರನ್ನು ಐದಾರು ಜನರ ಗುಂಪಿಗೆ ಸೇರಿಸುವುದರಿಂದ ಸಂಜೆ ಮಾತಿಗೂ ಜನ ಸಿಗುತ್ತಾರೆ. ಹನೋಯ್‌ನಿಂದ ಹಾ ಜಾಂಗ್‌ಗೆ ರೈಲಿಲ್ಲ, ಬಸ್ಸಿನಲ್ಲಿ ಆರೇಳು ಗಂಟೆ. ರಾತ್ರಿ ಬಸ್ಸು ಬೆಳಗಿನ ಜಾವ ಇಳಿಸುತ್ತದೆ. ನಿದ್ದೆಗೆಟ್ಟ ಮುಖದಲ್ಲಿ ಅದೇ ದಿನ ಬೈಕ್ ಹತ್ತಬೇಡಿ, ಹಗಲಿನ ಬಸ್ಸಿಗೆ ಹೋಗಿ ರಾತ್ರಿ ಮಲಗಿ ಮರುದಿನ ಹೊರಡಿ. ಬಾಡಿಗೆಗೆ ಸೈಕಲ್ ತೆಗೆದುಕೊಂಡರೂ ಪಾಸ್‌ಪೋರ್ಟ್ ಅಡ ಇಡಬೇಡಿ. ಹೋಟೆಲಿನವರು ನೋಂದಣಿಗೆ ಕೇಳುವುದು ಬೇರೆ, ತೋರಿಸಿ ವಾಪಸ್ ಪಡೆಯಿರಿ.

ಅಲ್ಲಿ ಗಾಡಿಗಳು ಬಲಕ್ಕೆ ಓಡುತ್ತವೆ. ರಸ್ತೆ ದಾಟುವಾಗ ಮೊದಲು ಎಡಕ್ಕೆ ನೋಡಬೇಕು. ನಮ್ಮ ಕುತ್ತಿಗೆ ತಾನಾಗಿ ಬಲಕ್ಕೆ ತಿರುಗುತ್ತದೆ. ಬೈಕುಗಳ ಹಿಂಡು ನಿಲ್ಲುವುದಿಲ್ಲ, ಸುತ್ತಿಕೊಂಡು ಹೋಗುತ್ತದೆ. ಒಂದೇ ವೇಗದಲ್ಲಿ ನಿಧಾನ ನಡೆಯಿರಿ. ಓಡುವುದು, ನಡುವೆ ನಿಲ್ಲುವುದು, ಹಿಂದೆ ಸರಿಯುವುದು ಮೂರೂ ಅಪಾಯ, ಏಕೆಂದರೆ ನಿಮ್ಮ ಮುಂದಿನ ಹೆಜ್ಜೆ ಅಂದಾಜು ಮಾಡಿಯೇ ಅವರು ಹ್ಯಾಂಡಲ್ ತಿರುಗಿಸಿರುತ್ತಾರೆ. ಬಸ್ಸಿಗೂ ಕಾರಿಗೂ ಈ ಉಪಾಯ ಬೇಡ. ಹೋ ಚಿ ಮಿನ್ ನಗರದಲ್ಲಿ ರಸ್ತೆ ಅಂಚಿಗೆ ನಿಂತು ಫೋನ್ ನೋಡಿದರೆ ಬೈಕಿನಲ್ಲಿ ಬಂದವರು ಕಸಿದುಕೊಂಡು ಹೋಗುತ್ತಾರೆ. ಗೋಡೆಯ ಕಡೆ ಸರಿದು ನೋಡಿ. ಅದು ಬಿಟ್ಟರೆ ಒಂಟಿ ಹೆಣ್ಣುಮಕ್ಕಳಿಗೂ ಓಡಾಡಲು ಹೆದರಿಕೆ ಕಡಿಮೆ ಇರುವ ದೇಶ.

ರೈಲಿನಲ್ಲಿ ತಪ್ಪಿಸಿಕೊಳ್ಳಬಾರದ ತುಂಡು ಒಂದೇ: ಹ್ವೇಯಿಂದ ದಾ ನಾಂಗ್, 103 ಕಿ.ಮೀ., ಎರಡೂವರೆಯಿಂದ ಮೂರು ಗಂಟೆ. ಹಾಯ್ ವಾನ್ ಘಾಟಿನಲ್ಲಿ ಹಳಿ ಸಮುದ್ರದ ನೆತ್ತಿಯ ಮೇಲೇ ಹೋಗುತ್ತದೆ. ದಕ್ಷಿಣಕ್ಕೆ ಹೋಗುವಾಗ ಎಡಗಡೆಯ ಸೀಟು, ಉತ್ತರಕ್ಕಾದರೆ ಬಲಗಡೆ. ರಾತ್ರಿ ಪ್ರಯಾಣಕ್ಕೆ ನಾಲ್ಕು ಬರ್ತಿನ ಕೋಣೆ ತೆಗೆಯಿರಿ. ಆರು ಬರ್ತಿನದರಲ್ಲಿ ಮೇಲಿನದಕ್ಕೆ ಎದ್ದು ಕೂರಲೂ ಜಾಗ ಇಲ್ಲ. ಸ್ಲೀಪರ್ ಬಸ್ಸು ನಮ್ಮದರಂತಲ್ಲ, ಕಾಲು ಒಂದು ಡಬ್ಬಿಯೊಳಗೆ ತೂರಿಸಬೇಕು. ಐದೂ ಮುಕ್ಕಾಲು ಅಡಿಗಿಂತ ಎತ್ತರ ಇದ್ದವರಿಗೆ ಶಿಕ್ಷೆ.

ನಿನ್ ಬಿನ್‌ನಲ್ಲಿ ಟ್ರಾಂಗ್ ಆನ್ ದೋಣಿಗೆ ಹೋಗಿ. ಒಂದು ದೋಣಿಗೆ ನಾಲ್ಕು ಜನ, ಒಬ್ಬರೇ ಬಂದವರನ್ನು ಬೇರೆಯವರ ಜೊತೆ ಕೂರಿಸುತ್ತಾರೆ, ಹಾಗಾಗಿ ತಲಾ ಒಂದೇ ದರ. ಹಾ ಲಾಂಗ್ ಕೊಲ್ಲಿಯ ರಾತ್ರಿ ಹಡಗಿನಲ್ಲಿ ಒಬ್ಬರಿಗೆ ಇಡೀ ಕೋಣೆಯ ದುಡ್ಡು ಕೇಳುತ್ತಾರೆ. ಅದೇ ಸುಣ್ಣಕಲ್ಲಿನ ಗುಡ್ಡ ಟ್ರಾಂಗ್ ಆನ್‌ನಲ್ಲಿಯೂ ಇವೆ. ಒಂಟಿ ಪ್ರಯಾಣಿಕರು ಹಾ ಲಾಂಗ್ ಬಿಟ್ಟರೆ ನಷ್ಟವಿಲ್ಲ ಎಂಬುದು ನನ್ನ ಲೆಕ್ಕ. 2025ರ ಜುಲೈ 1ರಿಂದ ಅಲ್ಲಿಯ ಪ್ರಾಂತಗಳನ್ನು 63ರಿಂದ 34ಕ್ಕೆ ಇಳಿಸಿದ್ದಾರೆ. ಹಾ ಜಾಂಗ್ ಈಗ ತ್ವೆನ್ ಕ್ವಾಂಗ್‌ನೊಳಗೆ, ಹೋಯ್ ಆನ್ ದಾ ನಾಂಗ್‌ನೊಳಗೆ. ಹಳೇ ವಿಳಾಸ, ಹೊಸ ವಿಳಾಸ ಎರಡೂ ಕಂಡರೆ ಗಾಬರಿ ಬೇಡ.

ಅಲ್ಲಿಯ ಹಣ ಡಾಂಗ್, ಅದರಲ್ಲಿ ಸೊನ್ನೆ ಜಾಸ್ತಿ. ಕೊನೆಯ ಮೂರು ಸೊನ್ನೆ ಕಿತ್ತು ಮೂರೂವರೆಯಿಂದ ಗುಣಿಸಿದರೆ ಹೆಚ್ಚೂಕಡಿಮೆ ರೂಪಾಯಿ ಬರುತ್ತದೆ. ಒಂದು ಲಕ್ಷ ಡಾಂಗ್ ಅಂದರೆ 350ರ ಆಸುಪಾಸು. 20 ಸಾವಿರದ ನೋಟು ಮತ್ತು 5 ಲಕ್ಷದ ನೋಟು ಎರಡೂ ನೀಲಿ ಛಾಯೆಯವು, ಮಬ್ಬು ಬೆಳಕಿನಲ್ಲಿ ಟ್ಯಾಕ್ಸಿಗೆ ಕೊಡುವಾಗ ಅದಲುಬದಲಾಗುತ್ತವೆ. ಐದು ಲಕ್ಷದ್ದನ್ನು ಬೇರೆ ಜೇಬಿನಲ್ಲಿಡಿ. ಒಯ್ಯುವ ಡಾಲರ್ ನೋಟಿನ ಮೇಲೆ ಪೆನ್ನಿನ ಗೆರೆ, ಮಡಿಕೆಯ ಹರುಕು ಇರಬಾರದು. ಬ್ಯಾಂಕಿನ ಓಟಿಪಿ ಬರಲಿ ಎಂದು ಸಿಮ್‌ನ ರೋಮಿಂಗ್ ಊರಲ್ಲೇ ಚಾಲೂ ಮಾಡಿಸಿ, ಟ್ಯಾಕ್ಸಿ ಕರೆಯುವ ಗ್ರ್ಯಾಬ್ ಆ್ಯಪನ್ನೂ ಇಲ್ಲೇ ನೋಂದಾಯಿಸಿ.

ಊಟದ ಮಾತಿಗೆ ಬಂದರೆ, ಸಸ್ಯಾಹಾರಿಗಳಿಗೆ ತೊಂದರೆ ಕಣ್ಣಿಗೆ ಕಾಣುವ ಮಾಂಸದಿಂದಲ್ಲ, ಕಾಣದ ‘ನ್ಯೊಕ್ ಮಾಮ್’ನಿಂದ. ಅದು ಮೀನು, ಉಪ್ಪು ಕೊಳೆಸಿ ಇಳಿಸಿದ ರಸ. ಬರೀ ಸೊಪ್ಪಿನ ಪಲ್ಯಕ್ಕೂ ಬೀಳುತ್ತದೆ. ‘ವೆಜ್’ ಎಂದರೆ ಮಾಂಸದ ತುಂಡು ತೆಗೆದು ಅದೇ ಸಾರು ಕೊಡುತ್ತಾರೆ. ಹೇಳಬೇಕಾದದ್ದು ‘ತೋಯ್ ಆನ್ ಚಾಯ್’, ನಾನು ಚಾಯ್ ಉಣ್ಣುವವನು ಎಂದು. (ಚಹಾ ಸಿಗುವುದಿಲ್ಲ, ಸಸ್ಯಾಹಾರ ಸಿಗುತ್ತದೆ.) ‘ಕೊಮ್ ಚಾಯ್’ ಬೋರ್ಡು ಇರುವ ಅಂಗಡಿಗಳು ಬೌದ್ಧರವು, ಅಲ್ಲಿ ಕಣ್ಣು ಮುಚ್ಚಿ ಕೂರಬಹುದು. ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹದಿನೈದನೇ ದಿನ ಅಲ್ಲಿಯ ಬಹಳ ಜನ ಚಾಯ್ ಉಣ್ಣುತ್ತಾರೆ. ನಮ್ಮ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿಗೆ ಅವು ಬೀಳುವುದರಿಂದ ಕ್ಯಾಲೆಂಡರ್ ನೋಡಿದರೆ ತಿಳಿಯುತ್ತದೆ. ಬೆಳಿಗ್ಗೆ ‘ಸೋಯ್ ಲಾಕ್’ ಕೇಳಿ: ಅಂಟಕ್ಕಿ ಅನ್ನದಲ್ಲಿ ಶೇಂಗಾ. ಮೇಲೆ ಉದುರಿಸುವ ಹುರಿದ ಈರುಳ್ಳಿ ಬೇಡ ಎನ್ನಿ, ಅದನ್ನು ಹಂದಿ ಕೊಬ್ಬಿನಲ್ಲಿ ಕರಿದಿರಬಹುದು. ‘ಮುವೋಯ್ ವುಂಗ್’ ಸಿಕ್ಕರೆ ಒಂದು ಪೊಟ್ಟಣ ಇಟ್ಟುಕೊಳ್ಳಿ. ಹುರಿದ ಶೇಂಗಾ, ಎಳ್ಳು, ಉಪ್ಪು ಕುಟ್ಟಿದ ಪುಡಿ. ಖಾರ, ಬೆಳ್ಳುಳ್ಳಿ ಇಲ್ಲದ ಶೇಂಗಾ ಹಿಂಡಿ ಅಂದುಕೊಳ್ಳಿ.

ಊರಿಂದ ಒಯ್ಯುವುದಾದರೆ ಖಡಕ್ ರೊಟ್ಟಿಗಿಂತ ಕರದಂಟು ಮೇಲು. ರೊಟ್ಟಿ ಡಬ್ಬಿ ಅರ್ಧ ಚೀಲ ತಿನ್ನುತ್ತದೆ, ಮೂರನೇ ದಿನಕ್ಕೆ ಪುಡಿ. ಗೋಕಾಕದ್ದೋ ಅಮೀನಗಡದ್ದೋ ಅರ್ಧ ಕೆ.ಜಿ. ಕರದಂಟು ಘಾಟಿನ ದಾರಿಯ ಹಸಿವಿಗೆ ಸಾಕು. ಹಿಂಡಿ ಪುಡಿ ಚೆಕ್-ಇನ್ ಸಾಮಾನಿನಲ್ಲಿರಲಿ. ಉಪ್ಪಿನಕಾಯಿ ಎಣ್ಣೆಯದ್ದಾದ್ದರಿಂದ ಕೈಚೀಲದಲ್ಲಿ ಬಿಡುವುದಿಲ್ಲ. ಇಡೀ ಒಣಕೊಬ್ಬರಿ ಬೇಡವೇ ಬೇಡ.

ಬಾಗಲಕೋಟೆ ಕಡೆಯವರು ಹೋಯ್ ಆನ್‌ಗೆ ಹೋದರೆ 40 ಕಿ.ಮೀ. ದೂರದ ಮಿ ಸನ್‌ಗೆ ಅರ್ಧ ದಿನ ಕೊಡಿ. ಅಲ್ಲಿಯ ಹಳೇ ಚಂಪಾ ರಾಜ್ಯದ ಅರಸರ ಶೈವ ಗುಡಿಗಳು. 4ನೇ ಶತಮಾನದಲ್ಲಿ ಭದ್ರವರ್ಮ ಇಲ್ಲಿ ಭದ್ರೇಶ್ವರ ಲಿಂಗ ಸ್ಥಾಪಿಸಿದ, 13ನೇ ಶತಮಾನದವರೆಗೂ ಕಟ್ಟುತ್ತಲೇ ಇದ್ದರು. ಪಟ್ಟದಕಲ್ಲಿನ ಗಾತ್ರ ಎದುರುನೋಡಿದರೆ ನಿರಾಸೆ, ಇವು ಸಣ್ಣವು ಮತ್ತು ಇಟ್ಟಿಗೆಯವು. ನೋಡಬೇಕಾದದ್ದು ಆ ಇಟ್ಟಿಗೆ ಕೆಲಸವನ್ನೇ: ಸಂದಿನಲ್ಲಿ ಗಾರೆಯ ಪದರ ಕಣ್ಣಿಗೆ ಬೀಳುವುದಿಲ್ಲ, ಕೆತ್ತನೆಯನ್ನು ಇಟ್ಟಿಗೆಯ ಮೇಲೆಯೇ ಮಾಡಿದ್ದಾರೆ. ಬೆಳಿಗ್ಗೆ ಬೇಗ ಹೋಗಿ, ಒಂಬತ್ತರ ನಂತರ ಟೂರ್ ಬಸ್ಸುಗಳು ಬಂದು ತುಂಬುತ್ತವೆ. ಗುಡಿಗಳನ್ನು ಅಕ್ಷರದಿಂದ ಗುರುತಿಸಿದ ಗುಂಪುಗಳಲ್ಲಿ ಬಿ, ಸಿ, ಡಿ ಹೆಚ್ಚು ಉಳಿದಿವೆ, ಎಲ್ಲರೂ ಅಲ್ಲಿಂದಲೇ ಹಿಂದಿರುಗುತ್ತಾರೆ. ನೀವು ಎ ಗುಂಪಿನವರೆಗೂ ನಡೆಯಿರಿ. 1969ರ ಅಮೆರಿಕದ ಬಾಂಬು ದಾಳಿಯಲ್ಲಿ ಅಲ್ಲಿಯ ದೊಡ್ಡ ಗೋಪುರ ಉರುಳಿತು. ಆ ಗುಂಪಿನ ದುರಸ್ತಿ ಮಾಡಿದ್ದು ಬಾದಾಮಿ, ಐಹೊಳೆ ನೋಡಿಕೊಳ್ಳುವ ನಮ್ಮ ಪುರಾತತ್ತ್ವ ಇಲಾಖೆಯವರೇ. 2020ರಲ್ಲಿ ಮಿ ಸನ್‌ನ ಕೆಲಸ ನಡೆದಿದ್ದಾಗ ಅವರಿಗೆ ಮಣ್ಣಿನಡಿ ಸಿಕ್ಕಿದ್ದು ಒಂದೇ ಮರಳುಗಲ್ಲಿನಲ್ಲಿ ಕಡೆದ 9ನೇ ಶತಮಾನದ ಶಿವಲಿಂಗ.