ನನ್ನ ಕಂಪ್ಯೂಟರಿನಲ್ಲಿ ಏನೂ ಆಗಿರಲಿಲ್ಲ

ನಾನು ದಾಖಲೆ ವಿಭಾಗದಲ್ಲಿ ಕೆಲಸ ಮಾಡುವವನು, ಪ್ರೋಗ್ರಾಮರ್ ಅಲ್ಲ. ಸ್ಕ್ಯಾನರ್ ಪ್ರತಿ ಕಾಗದಕ್ಕೂ ಒಂದು ಕ್ರಮಸಂಖ್ಯೆ ಹಾಕಿ ಕೊಡುತ್ತದೆ. ಅದನ್ನು ತೆಗೆದು ದಿನಾಂಕ, ಸಮಯ ಇರುವ ಹೆಸರಿಡುವುದರಲ್ಲೇ ದಿನಕ್ಕೆ ಒಂದು ಗಂಟೆ ಹೋಗುತ್ತಿತ್ತು. ಬೇಸತ್ತು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿತೆ, 40 ಸಾಲಿನ ಒಂದು ಸ್ಕ್ರಿಪ್ಟ್ (ಪುಟ್ಟ ಪ್ರೋಗ್ರಾಮ್) ಬರೆದೆ. ಫೈಲ್ ಸೇವ್ ಆದ ವರ್ಷ, ತಿಂಗಳು, ದಿನ, ಗಂಟೆ, ನಿಮಿಷವನ್ನೇ ಅದರ ಹೆಸರಾಗಿಸುವುದು, ಅಷ್ಟೇ. ವರ್ಷ ಮೊದಲು ಬರುವುದರಿಂದ (ದಿನಾಂಕ ಬರೆಯುವ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 8601 ಹೇಳುವ ಕ್ರಮವೂ ಇದೇ) ಹೆಸರಿನ ಪ್ರಕಾರ ಜೋಡಿಸಿದರೆ ಸಾಕು, ಕಾಲಕ್ರಮ ತಾನಾಗಿ ಸರಿಹೋಗುತ್ತದೆ.

ಎರಡು ವರ್ಷ ಆಫೀಸಿನಲ್ಲಿ ಅದು ಚೆನ್ನಾಗಿ ನಡೆಯಿತು. ಇನ್ನಾರಿಗಾದರೂ ಉಪಯೋಗವಾಗಲಿ ಎಂದು ನನ್ನ ಸೈಟಿಗೆ ಹಾಕಿದೆ. ಕೆಲಸದ ವೇಳೆಯಲ್ಲಿ ಬರೆದದ್ದರ ಮೇಲೆ ಸಂಸ್ಥೆಗೂ ಹಕ್ಕಿರಬಹುದು ಎಂದು ಮೊದಲೇ ಮೇಲಧಿಕಾರಿಯ ಒಪ್ಪಿಗೆಯನ್ನು ಬರಹದಲ್ಲೇ ಪಡೆದಿದ್ದೆ. ಹಾಗೆ ಮಾಡಿದ್ದು ಒಳ್ಳೆಯದಾಯಿತು.

ಕೆಲವು ತಿಂಗಳ ಮೇಲೆ ಅಪರಿಚಿತರೊಬ್ಬರಿಂದ ಮೇಲ್ ಬಂತು. ಮಗಳ ಫೋಟೋಗಳಿದ್ದ ಫೋಲ್ಡರಿಗೆ ನನ್ನ ಟೂಲ್ ಬಳಸಿದ್ದರಂತೆ. "ಮೊದಲು 600ಕ್ಕಿಂತ ಹೆಚ್ಚಿದ್ದವು, ಈಗ 400 ಚಿಲ್ಲರೆ ಕಾಣುತ್ತಿವೆ. ಉಳಿದವು ಎಲ್ಲಿ ಹೋದವು, ದಯವಿಟ್ಟು ಹೇಳುತ್ತೀರಾ?" ಒಂದು ಗಡಸು ಮಾತೂ ಇರಲಿಲ್ಲ. ಅದನ್ನು ಓದಿ ಕೈಕಾಲು ತಣ್ಣಗಾಯಿತು.

ಆ ಡಿಸ್ಕಿನಲ್ಲಿ ಸದ್ಯಕ್ಕೆ ಹೊಸದೇನನ್ನೂ ಸೇವ್ ಮಾಡಬೇಡಿ ಎಂದು ಮೊದಲು ಉತ್ತರ ಕಳಿಸಿದೆ. ಅಳಿಸಿಹೋದ ಫೈಲಿನ ಜಾಗದಲ್ಲಿ ಬೇರೇನಾದರೂ ಬಂದು ಕುಳಿತರೆ ಮರಳಿ ಪಡೆಯುವ ಆಸೆಯೂ ಹೋಗುತ್ತದೆ. ಆಮೇಲೆ ಕಾರಣ ಹುಡುಕಲು ಕುಳಿತೆ. ಅವರ ಕಂಪ್ಯೂಟರ್ ನಡೆಯುವುದು ಲಿನಕ್ಸ್‌ನಲ್ಲಿ, ನನ್ನದು ವಿಂಡೋಸಿನಲ್ಲಿ. ಪೈಥಾನಿನ ಓಎಸ್.ರಿನೇಮ್ ಎಂಬ ಆದೇಶ ಬಳಸಿ ಹೆಸರು ಬದಲಿಸುವಾಗ ಆ ಹೆಸರಿನ ಫೈಲ್ ಆಗಲೇ ಇದ್ದರೆ, ವಿಂಡೋಸಿನಲ್ಲಿ ಎರರ್ ಬಂದು ಕೆಲಸ ನಿಲ್ಲುತ್ತದೆ. ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಹಾಗಲ್ಲ. ಅಲ್ಲಿದ್ದ ಫೈಲ್ ಸದ್ದಿಲ್ಲದೆ ಹೋಗಿ, ಅದರ ಜಾಗಕ್ಕೆ ಇದು ಬರುತ್ತದೆ. ಟ್ರ್ಯಾಶಿನಲ್ಲೂ ಸಿಗುವುದಿಲ್ಲ. ಮಗು ನಕ್ಕಾಗ ಒಂದೇ ನಿಮಿಷದಲ್ಲಿ ನಾಲ್ಕು ಫೋಟೋ ತೆಗೆದಿರುತ್ತಾರೆ. ನಾಲ್ಕಕ್ಕೂ ಒಂದೇ ಹೆಸರು, ಉಳಿದದ್ದು ಒಂದೇ.

ಪೈಥಾನಿನ ಕೈಪಿಡಿಯಲ್ಲಿ ಇದು ಸ್ಪಷ್ಟವಾಗಿ ಬರೆದಿದೆ. ನಾನು ಓದಿರಲಿಲ್ಲ. ಆಫೀಸಿನಲ್ಲೂ ಆಗೊಮ್ಮೆ ಈಗೊಮ್ಮೆ ಆ ಎರರ್ ಬರುತ್ತಿತ್ತು. ಕಿರಿಕಿರಿ ಎಂದುಕೊಂಡು ಆ ಒಂದು ಫೈಲನ್ನು ಕೈಯಾರೆ ಸರಿಮಾಡಿ ಮುಂದೆ ಹೋಗುತ್ತಿದ್ದೆ. ನನ್ನ ದಾಖಲೆಗಳನ್ನು ಎರಡು ವರ್ಷ ಕಾಯ್ದದ್ದು ಆ ಎರರ್ರೇ ಹೊರತು ನನ್ನ ಸ್ಕ್ರಿಪ್ಟ್ ಅಲ್ಲ ಎಂಬುದು ಅಂದು ಗೊತ್ತಾಯಿತು.

ಅವರ ಕ್ಯಾಮೆರಾದ ಕಾರ್ಡಿನಲ್ಲಿ ಬಹುಪಾಲು ಫೋಟೋಗಳು ಇನ್ನೂ ಇದ್ದವು. ಎಲ್ಲವೂ ಅಲ್ಲ.

ಟೂಲನ್ನು ಅದೇ ರಾತ್ರಿ ಸೈಟಿನಿಂದ ತೆಗೆದೆ. ಏನಾಯಿತು, ಯಾವ ಆವೃತ್ತಿಯಲ್ಲಿ ದೋಷವಿದೆ ಎಂದು ಆ ಜಾಗದಲ್ಲೇ ಬರೆದೆ. ಯಾರಿಗೂ ಹೇಳದೆ ಸರಿಪಡಿಸಿದ್ದನ್ನು ಹಾಕಬಹುದಿತ್ತು. ಆದರೆ ಹಳೆಯದನ್ನು ಇಳಿಸಿಕೊಂಡವರಿಗೆ ತಿಳಿಯುವುದು ಹೇಗೆ? ಕೋಡನ್ನು ಯಾರು ಬೇಕಾದರೂ ಬಳಸಲು, ತಿದ್ದಲು, ಹಂಚಲು ಬಿಡುವ ಎಂಐಟಿ ಲೈಸೆನ್ಸ್ ಹಾಕಿದ್ದೆ, ಅದರಲ್ಲಿ ಯಾವ ಖಾತರಿಯೂ ಇಲ್ಲ ಎಂಬ ಮಾತಿದೆ. ಲೈಸೆನ್ಸ್ ಬೇಕೇ ಬೇಕು, ಅದಿಲ್ಲದಿದ್ದರೆ ಬೇರೆಯವರಿಗೆ ನಮ್ಮ ಕೋಡನ್ನು ತಿದ್ದುವ, ಹಂಚುವ ಹಕ್ಕೇ ಇರುವುದಿಲ್ಲ. ಆದರೆ ಮಗಳ ಫೋಟೋ ಕಳೆದುಕೊಂಡವರಿಗೆ ಆ ಸಾಲನ್ನು ತೋರಿಸಲು ನನಗೆ ಮನಸ್ಸು ಬರಲಿಲ್ಲ.

ಹೊಸ ಆವೃತ್ತಿಗೆ ಮೂರು ವಾರ ಹಿಡಿಯಿತು. ಈಗ ಅದು ಮೊದಲು ಯಾವ ಫೈಲನ್ನೂ ಮುಟ್ಟುವುದಿಲ್ಲ. ಹಳೆ ಹೆಸರು, ಹೊಸ ಹೆಸರುಗಳ ಪಟ್ಟಿ ತೋರಿಸಿ ಸುಮ್ಮನಿರುತ್ತದೆ, ನಾವು ಹೂಂ ಅಂದರೆ ಮಾತ್ರ ಬದಲಿಸುತ್ತದೆ. ಎರಡು ಫೈಲಿಗೆ ಒಂದೇ ಹೆಸರು ಬರುವಂತಿದ್ದರೆ ಕೊನೆಗೆ 1, 2 ಎಂದು ಸೇರಿಸುತ್ತದೆ. ಬದಲಿಸಿದ್ದನ್ನೆಲ್ಲ ಒಂದು ಸಿಎಸ್‌ವಿ ಫೈಲಿನಲ್ಲಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಪಟ್ಟಿ) ಬರೆದಿಡುವುದರಿಂದ ಹಳೆ ಹೆಸರಿಗೆ ಮರಳಬಹುದು. 40 ಸಾಲು ಇದ್ದದ್ದು 130 ಆಯಿತು. ಹೆಸರು ಬದಲಿಸುವ ಸಾಲು ಈಗಲೂ ಒಂದೇ, ಉಳಿದದ್ದೆಲ್ಲ ಕಾವಲಿಗೆ.

ವಿವರಣೆಯನ್ನೂ ತಿರುಗಿ ಬರೆದೆ. ಮೊದಲು ಟೂಲ್ ಏನು ಮಾಡುತ್ತದೆ ಎಂದಷ್ಟೇ ಇತ್ತು. ಈಗ ಏನು ಮಾಡುವುದಿಲ್ಲ ಎಂಬುದೇ ಮೊದಲು ಬರುತ್ತದೆ: ಫೋಟೋದೊಳಗೆ ಕ್ಯಾಮೆರಾ ಬರೆದ ದಿನಾಂಕವನ್ನು ಇದು ಓದುವುದಿಲ್ಲ, ಫೈಲ್ ಕೊನೆಯ ಬಾರಿ ಸೇವ್ ಆದ ಸಮಯವನ್ನಷ್ಟೇ ನೋಡುತ್ತದೆ. ಯಾವ ಯಾವ ಸಿಸ್ಟಮಿನಲ್ಲಿ ನಾನೇ ಪರೀಕ್ಷಿಸಿದ್ದೇನೆ ಎಂಬುದೂ ಇದೆ.

ಹೊಸದನ್ನು ಮೊದಲು ಕಳಿಸಿದ್ದು ಅವರಿಗೇ. ಬಳಸಿ ಎಂದು ಕೇಳುವ ಧೈರ್ಯ ಇರಲಿಲ್ಲ, ನೋಡಿ ಎಂದಷ್ಟೇ ಬರೆದೆ. ಅವರು ಫೋಲ್ಡರಿನ ನಕಲು ಮಾಡಿಕೊಂಡು, ಅದರ ಮೇಲೆ ನಡೆಸಿ, ಎಣಿಸಿ, ಸಂಖ್ಯೆ ಸರಿ ಇದೆ ಎಂದು ತಿಳಿಸಿದರು. ಈ ಎಣಿಕೆಯನ್ನು ಟೂಲೇ ಮಾಡಿದರೆ ಒಳ್ಳೆಯದಲ್ಲವೇ ಎಂದೂ ಕೇಳಿದ್ದರು. ಮೊದಲು ಇದ್ದ ಫೈಲ್ ಎಷ್ಟು, ಈಗ ಇರುವುದು ಎಷ್ಟು ಎಂದು ಕೊನೆಯಲ್ಲಿ ಬರುವ ಸಾಲು ಅವರ ಸಲಹೆ.