ಗೀಚಿದ ಹೆಸರು

ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ. ಸುಮ್ನೆ ಯೂಟ್ಯೂಬ್‌ನಲ್ಲಿ ಟೈಟಾನಿಕ್‌ನ ಹಳೇ ವಿಡಿಯೋ ಹುಡುಕಿದೆ.

ಸಿಕ್ಕಿತು. ಕಪ್ಪು ಬಿಳುಪು, ನಾಲ್ಕು ಚಿಮಣಿಯ ಹಡಗು. ಬಿಳಿ ಗಡ್ಡದ ಕ್ಯಾಪ್ಟನ್ ಸ್ಮಿತ್ ಆರಾಮಾಗಿ ಓಡಾಡುತ್ತಿದ್ದಾರೆ. ಮೈ ಜುಮ್ಮೆಂದಿತು.

ಆಮೇಲೆ ನೋಡಿದರೆ ಅದು ಟೈಟಾನಿಕ್ಕೇ ಅಲ್ಲ! ಅದರ ಅಕ್ಕ ಒಲಿಂಪಿಕ್, ಅದೇ ಥರ ಮೊದಲು ಕಟ್ಟಿದ ಹಡಗು. 1911ರಲ್ಲಿ ನ್ಯೂಯಾರ್ಕ್‌ನಲ್ಲಿ ತೆಗೆದದ್ದು. ಟೈಟಾನಿಕ್ ಆ ಊರು ತಲುಪಲೇ ಇಲ್ಲ ಅಲ್ವಾ. 1912ರಲ್ಲಿ ಅದು ಮುಳುಗಿದಾಗ ಥಿಯೇಟರಿಗೆ ಸುದ್ದಿಚಿತ್ರ ಮಾಡುವ ನ್ಯೂಸ್‌ರೀಲ್‌ನವರು ಅಕ್ಕನನ್ನೇ ತಂಗಿ ಅಂತ ತೋರಿಸಿಬಿಟ್ಟರು.

ಪಕ್ಕದಲ್ಲಿ ಹಡಗನ್ನು ಎಳೆಯುವ ಟಗ್ ದೋಣಿಗಳಿವೆ. ಅವುಗಳ ಹೆಸರು ಓದಿದರೆ ನ್ಯೂಯಾರ್ಕ್ ಅಂತ ಗೊತ್ತಾಗಿಬಿಡುತ್ತದಲ್ಲ, ಅದಕ್ಕೆ ಫಿಲ್ಮಿನ ಮೇಲೇ ಗೀಚಿ ಅಳಿಸಿದ್ದಾರೆ. ಹೆಸರಿರಬೇಕಾದ ಕಡೆ ಬರೀ ಗೀರು, ಹುಳದ ಹಾಗೆ ಕುಣಿಯುತ್ತಿರುತ್ತದೆ. ಯಾರೋ ಕೂತು ಒಂದೊಂದೇ ಫ್ರೇಮ್ ಗೀಚಿರಬೇಕು. ಎಂಥ ತಾಳ್ಮೆ! ಫೇಕ್ ವಿಡಿಯೋ ನಮ್ಮ ಕಾಲದ್ದು ಅಂದುಕೊಂಡಿದ್ದೆ.

ಹಡಗು ಬಿಟ್ಟು ಆ ಗೀರನ್ನೇ ನಾಲ್ಕು ಸಲ ನೋಡಿದೆ.

ಪಾಪ, ಒಲಿಂಪಿಕ್ 1935ರವರೆಗೂ ಓಡಾಡಿಕೊಂಡಿತ್ತು. ಮುಳುಗಲಿಲ್ಲ, ಹಾಗಾಗಿ ಹೆಸರೂ ಉಳಿಯಲಿಲ್ಲ. ಈಗ ಒಲಿಂಪಿಕ್ ಅಂತ ಟೈಪ್ ಮಾಡಿದರೆ ಓಟದ ಸ್ಪರ್ಧೆ ಬರುತ್ತದೆ.